ಮುತ್ತಜ್ಜನ ಹೆಸರು ಸಿಕ್ಕಿದ್ದು ಹೆಳವರ ಹೊತ್ತಿಗೆಯಲ್ಲಿ

ಬಾಗಲಕೋಟೆ ಜಿಲ್ಲೆಯ ನಮ್ಮ ಮೂಲ ಊರಿಗೆ ಹೋದರೂ ಅಜ್ಜನಿಂದ ಹಿಂದಕ್ಕೆ ಯಾವ ಹೆಸರೂ ಸಿಗಲಿಲ್ಲ. ಸರ್ಕಾರದ ಗಣಕೀಕೃತ ಭೂದಾಖಲೆ 'ಭೂಮಿ'ಯ ಪಹಣಿಯಲ್ಲಿ ಈಗಿನ ಖಾತೆದಾರರಷ್ಟೇ ಇದ್ದರು. ಕೈಬರಹದ ಹಳೆಯ ಪಹಣಿ ಹುಡುಕಿಸಲು ಸರ್ವೆ ನಂಬರ್ ಬೇಕು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರು: "ಸುಗ್ಗಿ ಮುಗಿದ ಮೇಲೆ ಬಾ ತಮ್ಮಾ, ನಿಮ್ಮ ಮನೆತನದ ಹೆಳವರು ಬರುತ್ತಾರೆ." ಹೆಳವರೆಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಊರೂರು ತಿರುಗಿ ಓದಿ ಹೇಳುವವರು.

ಬಂದರು. ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಹೊತ್ತಿಗೆ ತೆರೆದು ರಾಗವಾಗಿ ಓದುತ್ತಾ ಹೋದರು: ಮುತ್ತಜ್ಜ, ಅವರ ಅಣ್ಣತಮ್ಮಂದಿರು, ಅದಕ್ಕೂ ಹಿಂದೆ ಬಿಟ್ಟು ಬಂದ ಊರು. ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಎಂಥ ಆಸ್ತಿ! ಆ ಹೆಸರುಗಳನ್ನು ಹಿಡಿದು ಮ್ಯುಟೇಷನ್ (ಜಮೀನಿನ ಹಕ್ಕು ಬದಲಾವಣೆಯ) ವಹಿ ನೋಡಿಸಿದಾಗ ಸರ್ವೆ ನಂಬರೂ ಸಿಕ್ಕಿತು.

ಹೆಳವರಿಗೆ ಕಾಳುಕಡಿಯೋ ಹಣವೋ, ಕಾಣಿಕೆ ಕೊಡಲೇಬೇಕು. ಅವರು ಓದುವಾಗ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಿ.