ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಬೇಡಿ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್. "ಅಣ್ಣಾ, ಮೇಲ್‌ನಲ್ಲಿದೆ, ಒಂದು ಪ್ರಿಂಟ್ ಕೊಡಿ" ಅಂತ ಬರುವವರೇ ಜಾಸ್ತಿ. ಬಂದವರು ಜೇಬಿನಿಂದ ಚೀಟಿ ತೆಗೆದು ಪಾಸ್‌ವರ್ಡನ್ನು ಗಟ್ಟಿಯಾಗಿ ಓದುತ್ತಾರೆ. ಹಿಂದೆ ನಿಂತವರಿಗೂ ಬಾಯಿಪಾಠ ಆಗಬೇಕು, ಹಾಗೆ!

ಒಬ್ಬರು ಕೊಬ್ಬರಿ ವ್ಯಾಪಾರಿ ಯಾವುದೋ ನಕಲಿ ಪುಟದಲ್ಲಿ ಪಾಸ್‌ವರ್ಡ್ ಒತ್ತಿ ಮೂರು ದಿನ ಮೇಲ್ ಕಳೆದುಕೊಂಡರು. ಅವತ್ತಿನಿಂದ ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಪಾಸ್‌ಕೀ ಹೇಳಿಕೊಡುತ್ತಿದ್ದೇನೆ.

ಪಾಸ್‌ಕೀ ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀ. ಬೀಗ ಗೂಗಲ್‌ನಂಥ ಸೈಟಿನವರ ಹತ್ತಿರ, ಕೀ ನಮ್ಮ ಹತ್ತಿರ. ಕೀ ನಿಮ್ಮ ಫೋನಿನಲ್ಲಿರುತ್ತದೆ. ಬೆರಳಚ್ಚು ಇಟ್ಟರೆ, ಇಲ್ಲವೇ ಫೋನಿನ ಲಾಕ್ ಪಿನ್ ಒತ್ತಿದರೆ, ಫೋನು ಆ ಕೀಯನ್ನು ಬಳಸುತ್ತದೆ. ಬೆರಳಚ್ಚು ಗೂಗಲ್‌ಗೆ ಹೋಗುವುದಿಲ್ಲ, ಫೋನಿನಲ್ಲೇ ಉಳಿಯುತ್ತದೆ. ಒಂದೊಂದು ಕೀ ಒಂದೊಂದು ಸೈಟಿನ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ನಕಲಿ ಪುಟ ನಮ್ಮ ಕಣ್ಣಿಗೆ ಅಸಲಿ ಥರಾನೇ ಕಾಣಬಹುದು. ಆದರೆ ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೂ ಆ ಕೀ ಅಲ್ಲಿ ನಡೆಯುವುದಿಲ್ಲ. ನಮ್ಮ ವ್ಯಾಪಾರಿಗೆ ಬೇಕಾಗಿದ್ದು ಇದೇ ಅಲ್ವಾ?

ಮೊದಲು ನಿಮ್ಮ ಫೋನಿನಲ್ಲಿ ಮಾಡಿಕೊಳ್ಳಿ. ಆಂಡ್ರಾಯ್ಡ್ 9 ಅಥವಾ ಅದರ ಮೇಲಿನದು, ಐಫೋನ್ ಆದರೆ ಐಓಎಸ್ 16 ಅಥವಾ ಅದರ ಮೇಲಿನದು ಇರಬೇಕು. ಗೂಗಲ್ ಅಕೌಂಟ್ ತೆರೆದು ಸೆಕ್ಯೂರಿಟಿ ಒತ್ತಿ, ಅಲ್ಲಿ ಪಾಸ್‌ಕೀಸ್ ಹುಡುಕಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ತಾನಾಗೇ ಒಂದು ಆಗಿರುತ್ತದೆ. ಇಲ್ಲದಿದ್ದರೆ ಕ್ರಿಯೇಟ್ ಒತ್ತಿ, ಬೆರಳಿಡಿ. ಅಷ್ಟೇ. ವಾಟ್ಸಾಪ್‌ನಲ್ಲೂ ಸೆಟ್ಟಿಂಗ್ಸ್, ಅಕೌಂಟ್, ಪಾಸ್‌ಕೀಸ್ ಅಂತ ಇದೆ.

ಆಮೇಲೆ ಅಂಗಡಿಗೆ ಬನ್ನಿ. ಕ್ರೋಮ್‌ನಲ್ಲಿ, ಮುಚ್ಚಿದರೆ ಲಾಗಿನ್ ಉಳಿಯದ ಗೆಸ್ಟ್ ವಿಂಡೋ ತೆಗೆಯುತ್ತೇನೆ, ನೀವು ಮೇಲ್ ಐಡಿ ಮಾತ್ರ ಒತ್ತಿ. ಪಾಸ್‌ವರ್ಡ್ ಕೇಳಿದರೆ 'ಟ್ರೈ ಅನದರ್ ವೇ' ಒತ್ತಿ ಪಾಸ್‌ಕೀ ಆರಿಸಿ. ಫೋನ್ ಬಳಸುತ್ತೇನೆ ಅಂದರೆ ಪರದೆ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಫೋನ್ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ, ಬೆರಳಿಡಿ, ಮೇಲ್ ತೆರೆಯುತ್ತದೆ. ಎರಡೂ ಕಡೆ ಬ್ಲೂಟೂತ್ ಆನ್ ಇರಬೇಕು, ನೆಟ್ ಕೂಡ. ಪೇರ್ ಮಾಡುವುದೇನೂ ಬೇಡ. ಫೋನು ಪಕ್ಕದಲ್ಲೇ ಇದೆಯಾ ಅಂತ ನೋಡೋಕೆ ಬ್ಲೂಟೂತ್ ಬೇಕು. ನನ್ನ ಹಳೇ ಕಂಪ್ಯೂಟರಿಗೆ ಅದು ಇರಲಿಲ್ಲ. ಅರ್ಧ ದಿನ ಒದ್ದಾಡಿ, ಕೊನೆಗೆ ಯುಎಸ್‌ಬಿಗೆ ಚುಚ್ಚುವ ಚಿಕ್ಕ ಡಾಂಗಲ್ ತಂದೆ.

ಪ್ರಿಂಟ್ ಆದ ಮೇಲೆ ಲಾಗೌಟ್ ಮಾಡಿ, ವಿಂಡೋ ಮುಚ್ಚಿ. ನಡುವೆ 'ಈ ಕಂಪ್ಯೂಟರಿನಲ್ಲೂ ಪಾಸ್‌ಕೀ ಮಾಡಲಾ' ಅಂತ ಕೇಳಬಹುದು. ಬೇಡ ಅನ್ನಿ. ಇದು ನನ್ನ ಕಂಪ್ಯೂಟರ್, ನಿಮ್ಮದಲ್ಲ.

ಇನ್ನು ನಿಮ್ಮ ಫೋನಿನ ಲಾಕ್. ಫೋನ್ ತೆರೆಯಬಲ್ಲವರು ನಿಮ್ಮ ಅಕೌಂಟನ್ನೂ ತೆರೆಯಬಲ್ಲರು. ಪಿನ್ 1234 ಇದ್ದರೆ ಇವತ್ತೇ ಬದಲಿಸಿ. ಒಬ್ಬರು ಅಜ್ಜಿಯ ಫೋನ್ ನೋಡಿದೆ, ಅದರಲ್ಲಿ ಮೊಮ್ಮಗನ ಎರಡು ಬೆರಳು, ಪಕ್ಕದ ಮನೆ ಹುಡುಗನ ಒಂದು ಬೆರಳು ಸೇರಿಸಿದ್ದರು! ಅಜ್ಜಿಯ ಬೆರಳೇ ಇರಲಿಲ್ಲ.

"ಫೋನೇ ಕಳೆದುಹೋದರೆ?" ಅಂತ ಎಲ್ಲರೂ ಕೇಳುತ್ತಾರೆ. ಪಾಸ್‌ಕೀ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಉಳಿದಿದ್ದರೆ ಹೊಸ ಆಂಡ್ರಾಯ್ಡ್ ಫೋನಿಗೂ ಬರುತ್ತದೆ. ಆಗ ಹಳೇ ಫೋನಿನ ಲಾಕ್ ಪಿನ್ ಕೇಳಬಹುದು, ಮರೆಯಬೇಡಿ. ಕಳೆದ ಫೋನನ್ನು ಅಕೌಂಟಿನಿಂದ ತೆಗೆದುಹಾಕಿ. ಅಕೌಂಟಿನ ಸೆಕ್ಯೂರಿಟಿಯಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ (ಎರಡು ಹಂತದ ಪರಿಶೀಲನೆ) ಅನ್ನುವ ಕಡೆ, ಫೋನ್ ಕೈಲಿಲ್ಲದಾಗ ಬಳಸಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿಡಿ, ಪರ್ಸಿನಲ್ಲಿ ಬೇಡ.

ಹಳೇ ಪಾಸ್‌ವರ್ಡ್ ಮಾತ್ರ ಗೂಗಲ್‌ನಲ್ಲಿ ಹಾಗೇ ಉಳಿದಿರುತ್ತದೆ. ಮಗಳ ಹೆಸರು, ಹುಟ್ಟಿದ ವರ್ಷ ಇದ್ದರೆ ಅದನ್ನೂ ಬದಲಿಸಿ. ನನ್ನ ಅಂಗಡಿಯಲ್ಲಿ ತುಂಬುವ ಅರ್ಜಿಗಳ ಸೈಟುಗಳು ಬಹುತೇಕ ಇನ್ನೂ ಪಾಸ್‌ವರ್ಡ್, ಓಟಿಪಿಯಲ್ಲೇ ನಡೆಯುತ್ತಿವೆ. ಅವುಗಳ ಚೀಟಿ ತಂದಾಗ ಸ್ವಲ್ಪ ಮೆತ್ತಗೆ ಓದಿ.