ಡಚ್ಚರ ಬೆಳ್ಳಿ ನಾಣ್ಯ: ಸಿಂಹದಿಂದ ಶುರು ಮಾಡಿ

ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಬೆಳ್ಳಿ ಅಂಗಡಿ. ಹಳೇ ನಾಣ್ಯದ ಹುಚ್ಚು ಹತ್ತಿಸಿಕೊಂಡ ಹುಡುಗರು ಬಂದು, 'ಕಾಕಾ, ಡಚ್ ಬೆಳ್ಳಿ ಕೂಡಿಸಬೇಕಂತೀನಿ, ಯಾವುದು ಮೊದಲು ತಗೊಳ್ಳಲಿ?' ಅಂತ ಕೇಳ್ತಾರೆ. ಲೇವನ್‌ಡಾಲ್ಡರ್, ಅಂದರೆ ಸಿಂಹದ ಡಾಲರ್, ತಗೋರಿ ಅಂತೀನಿ. ಒಂದು ಬದಿ ಗುರಾಣಿಯ ಹಿಂದೆ ನಿಂತ ಯೋಧ, ಇನ್ನೊಂದು ಬದಿ ಹಿಂಗಾಲ ಮೇಲೆ ಎದ್ದ ಸಿಂಹ. 1575ರಲ್ಲಿ ಹಾಲೆಂಡ್ ಪ್ರಾಂತ್ಯ ಇದನ್ನು ಹೊಡೆಸತೊಡಗಿತು. ತೂಕ 27 ಗ್ರಾಂನ ಆಸುಪಾಸು, ಬೆಳ್ಳಿ ನೂರಕ್ಕೆ 75. ತುರ್ಕರ ಬಂದರುಗಳಿಂದ ಅಮೆರಿಕದ ವಸಾಹತುಗಳವರೆಗೆ ಓಡಾಡಿದ ನಾಣ್ಯ, ಹಾಗಾಗಿ ಇಂದಿಗೂ ಸಿಗುತ್ತದೆ.

ಮೊದಲು ಅಂಚಿನ ಅಕ್ಷರ ಓದಿ. ಯೋಧನ ಸುತ್ತಲಿನ ಲ್ಯಾಟಿನ್ ಸಾಲಿನ ಕೊನೆಯಲ್ಲಿ ಪ್ರಾಂತ್ಯದ ಹೆಸರು ಮೊಟಕಾಗಿ ಇರುತ್ತದೆ: 'ಹೋಲ್' ಇದ್ದರೆ ಹಾಲೆಂಡ್, 'ಟ್ರಾ' ಇದ್ದರೆ ಉಟ್ರೆಕ್ಟ್, 'ಟ್ರಾನ್ಸಿ' ಇದ್ದರೆ ಓವರೈಸಲ್. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ನಾಣ್ಯ ಅಂತ ಹಿಡಿದರೂ ಸಂಗ್ರಹಕ್ಕೆ ಚಂದದ ರೂಪ ಬರುತ್ತದೆ.

ಕಣ್ಣು ಪಳಗಬೇಕಾದ್ದು ಸವಕಲಿನ ವಿಚಾರದಲ್ಲಿ. ಇವನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಪೆಟ್ಟು ಎಲ್ಲ ಕಡೆ ಸಮನಾಗಿ ಬೀಳುತ್ತಿರಲಿಲ್ಲ. ಒಂದು ಬದಿ ಮಾಸಿದ ಜಾಗದ ನೇರ ಹಿಂದೆಯೂ ಮಾಸಿದ್ದು, ಪಕ್ಕದ ಅಕ್ಷರ ಗರಿಗರಿಯಾಗಿದ್ದರೆ ಅದು ಅಚ್ಚು ಸರಿಯಾಗಿ ಕೂರದ್ದು, ಸವೆದದ್ದಲ್ಲ. ಅಂಥ ನಾಣ್ಯ ಬಿಡಬೇಡಿ. ಅಕ್ಷರಗಳೆಲ್ಲ ಸಾಬೂನಿನಂತೆ ಮೊಂಡಾಗಿ, ನಾಣ್ಯದ ಬಯಲು ಭಾಗದಲ್ಲಿ ಸೂಜಿಮೊನೆಯಷ್ಟು ತೂತು, ಅಂಚಿನಲ್ಲಿ ಬೆಸುಗೆಯ ಗೆರೆ ಕಂಡರೆ ಮಾತ್ರ ಎರಕದ ನಕಲಿ. ತೂಕ ನೋಡಿ, ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟು ಸಾಂದ್ರತೆಯನ್ನೂ ನೋಡಿ. ಈ ಬೆಳ್ಳಿಗೆ ನೀರಿನ ಸುಮಾರು 10 ಪಟ್ಟು ಬರಬೇಕು. ನಮ್ಮಂಥ ಸರಾಫರು ಯಾರಾದರೂ ತೂಗಿಕೊಡ್ತಾರೆ. ಒರೆಗಲ್ಲಿಗೆ ತಿಕ್ಕಲು ಮಾತ್ರ ಬಿಡಬೇಡಿ.

ಹುಣಸೆಹಣ್ಣು, ವಿಭೂತಿ, ಅಂಟುವಾಳ ಹಚ್ಚಿ ತಿಕ್ಕುವುದು ದೀಪದ ಸಮೆ, ಆರತಿ ತಟ್ಟೆಗೆ ಸರಿ, ನಾಣ್ಯಕ್ಕಲ್ಲ. ನಾಣ್ಯದ ಮೇಲಿನ ಕಪ್ಪು ಮುನ್ನೂರು ವರ್ಷದ್ದು; ಅದನ್ನು ತೆಗೆದರೆ ನಾಣ್ಯದ ಅರ್ಧ ಜೀವ ಹೋಯಿತು. ಪಿವಿಸಿ ಚೀಲದಲ್ಲೂ ಇಡಬೇಡಿ, ಹಸಿರು ಅಂಟು ಬಿಡುತ್ತದೆ.

ಕೈ ಪಳಗಿದ ಮೇಲೆ ಕುದುರೆ ಸವಾರನ ಚಿತ್ರದ ಡಚ್ ನಾಣ್ಯ, 1659ರಿಂದ ಬಂದ 'ಬೆಳ್ಳಿ ಸವಾರ'ಕ್ಕೆ ಹೋಗಿ. ಹತ್ತಿರಹತ್ತಿರ 33 ಗ್ರಾಂ, ಬೆಳ್ಳಿ ನೂರಕ್ಕೆ 94. ಕುದುರೆಯ ಕೆಳಗೆ ವಿಒಸಿ ಗುರುತಿದ್ದರೆ ಅದು ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ 1728ರಿಂದ ಹೊಡೆದದ್ದು, ಬೆಲೆಯೂ ಏರುತ್ತದೆ.

ನಮ್ಮ ಭಾಗದಲ್ಲಿ ಒಂದು ಕತೆ ಮಾರಾಟಕ್ಕಿರುತ್ತದೆ: 'ವೆಂಗುರ್ಲಾದ ಹೊಲದಲ್ಲಿ ಸಿಕ್ಕಿದ್ದು.' ವಿಜಯಪುರದ ಆದಿಲಶಾಹಿಗಳ ಕಾಲದಲ್ಲಿ, 1637ರಲ್ಲಿ, ಡಚ್ಚರು ಆ ಕೊಂಕಣದ ಬಂದರಿನಲ್ಲಿ ವಖಾರಿ ತೆರೆದದ್ದು ನಿಜ. ಆದರೆ ಹೊರಗಿಂದ ಬಂದ ಬೆಳ್ಳಿಯಲ್ಲಿ ಬಹುಪಾಲು ಇಲ್ಲಿಯ ಟಂಕಸಾಲೆಗಳಲ್ಲಿ ಕರಗಿ ಇಲ್ಲಿಯ ನಾಣ್ಯವೇ ಆಗುತ್ತಿತ್ತು. ಕತೆಗೆ ದುಡ್ಡು ಕೊಡಬೇಡಿ, ಹರಾಜಿನ ರಸೀದಿ ಕೇಳಿ. ನಿಜಕ್ಕೂ ನೆಲದಲ್ಲಿ ನಿಧಿ ಸಿಕ್ಕಿದರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು; ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ.