ಹಿಮದೂರಿಗೆ ಹೊರಟಿದ್ದೀರಾ? ಬೆರಳು ಜೋಪಾನ

ಧನುರ್ಮಾಸದ ಚಳಿಗೆ ಮೈಸೂರಿನಲ್ಲಿ ತುಟಿ, ಹಿಮ್ಮಡಿ ಒಡೆಯುತ್ತವೆ, ಅಷ್ಟೇ. ರಜೆಗೆ ಕಾಶ್ಮೀರ, ಲಡಾಖ್ ಕಡೆ ಹೊರಟವರಿಗೆ ಮಾತ್ರ ಫ್ರಾಸ್ಟ್‌ಬೈಟ್‌ನಿಂದ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟಿ ಆಗುವ ಗಾಯದಿಂದ, ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಚಳಿ ಏರಿದಂತೆ ದೇಹ ಹೃದಯ, ಮಿದುಳನ್ನು ಬೆಚ್ಚಗಿಡಲು ಕೈಕಾಲು, ಮೂಗು, ಕಿವಿಗಳ ರಕ್ತನಾಳ ಬಿಗಿಯುತ್ತದೆ. ಚರ್ಮ ಸೊನ್ನೆ ಡಿಗ್ರಿಗಿಂತ ತಣ್ಣಗಾದರೆ ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳು ಹಾಳಾಗುತ್ತವೆ. ಹರಳು ಕರಗಿದ ಮೇಲೂ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಹಾನಿ ಮುಂದುವರಿಯುತ್ತದೆ. ಮಂಡಿನೋವಿಗೆಂದು ಫ್ರೀಜರ್‌ನ ಜೆಲ್ ಪ್ಯಾಕನ್ನು ಬರಿಮೈಗಿಟ್ಟು ನಿದ್ದೆ ಹೋದರೆ ಮೈಸೂರಿನ ಮನೆಯಲ್ಲೂ ಇದೇ ಗಾಯವಾದೀತು. ಟವೆಲ್ ಸುತ್ತಿ, 15–20 ನಿಮಿಷಕ್ಕೆ ತೆಗೆದುಬಿಡಿ.

ಬಿಗಿ ಶೂ ಒಳಗೆ ಎರಡು ಜೊತೆ ದಪ್ಪ ಸಾಕ್ಸ್ ತುರುಕಬೇಡಿ, ರಕ್ತ ಓಡುವುದೇ ನಿಲ್ಲುತ್ತದೆ. ಕಾಲ್ಬೆರಳು ಆಡುವಷ್ಟು ಜಾಗ ಇರಲಿ. ನೆನೆದ ಸಾಕ್ಸ್ ಕೂಡಲೇ ಬದಲಿಸಿ. ಬೀಡಿ, ಸಿಗರೇಟು ನಾಳವನ್ನು ಇನ್ನಷ್ಟು ಬಿಗಿಯುತ್ತವೆ. ಮದ್ಯ ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಮೈಶಾಖ ಸೋರಿಹೋಗುತ್ತದೆ.

ಬೆರಳು ನೋಯುತ್ತಿದ್ದರೆ ಇನ್ನೂ ಸಮಯವಿದೆ. ಬೆಚ್ಚಗಾಗದೆಯೇ ನೋವು ನಿಂತು ಜೋಮು ಹಿಡಿದರೆ ಹೆದರಬೇಕು. ಚರ್ಮ ಬಿಳಿಚಿ ಅಥವಾ ಬೂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೇಣದಂತೆ ಗಟ್ಟಿಯಾಗಿರುತ್ತದೆ. ಒಳಗೆ ಬಂದು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆ ದೂರವಿದ್ದರೆ ಮೊದಲು ಉಂಗುರ, ಕಾಲುಂಗುರ, ಒದ್ದೆ ಬಟ್ಟೆ ತೆಗೆಯಿರಿ. ಬೆರಳು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೇಬೇಡಿ, ಎರಡನೇ ಸಲ ಹೆಪ್ಪುಗಟ್ಟಿದರೆ ಗಾಯ ಬಹಳ ಆಳಕ್ಕೆ ಇಳಿಯುತ್ತದೆ. ಆ ಭಯವಿಲ್ಲದಿದ್ದರೆ 37ರಿಂದ 39 ಡಿಗ್ರಿ ಬಿಸಿಯಿರುವ ನೀರಲ್ಲಿ ಅದ್ದಿ. ಥರ್ಮಾಮೀಟರ್ ಇಲ್ಲವೆಂದರೆ ಜೊತೆಗಿರುವವರು ಮೊಣಕೈ ಅದ್ದಿ ನೋಡಲಿ. ಜೋಮು ಹಿಡಿದ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ನೀರು ಆರುತ್ತಿದ್ದಂತೆ ಬಿಸಿನೀರು ಬೆರೆಸುತ್ತಿರಿ, ಆದರೆ ಬೆರಳ ಮೇಲೆ ನೇರ ಸುರಿಯಬೇಡಿ. ಸುಮಾರು ಅರ್ಧ ಗಂಟೆಯಲ್ಲಿ ಚರ್ಮ ಮೆತ್ತಗಾಗಿ ಕೆಂಪೇರುತ್ತದೆ. ಆಗ ತಡೆಯಲಾರದಷ್ಟು ನೋವು ಬರುತ್ತದೆ. ರಕ್ತ ಮರಳುತ್ತಿರುವ ನೋವದು, ಹೆದರಿ ಕೈ ತೆಗೆಯಬೇಡಿ.

ನಮ್ಮಲ್ಲಿ ಚಳಿ ಹಿಡಿದ ಕೈಗೆ ಎಣ್ಣೆ ಹಚ್ಚಿ ತಿಕ್ಕುವುದು, ಕೆಂಡಕ್ಕೆ ಕಾಯಿಸುವುದು ರೂಢಿ. ಇಲ್ಲಿ ಎರಡೂ ಬೇಡ. ತಿಕ್ಕಿದರೆ ಚರ್ಮ ಹರಿಯುತ್ತದೆ, ಬೆಂಕಿಗೆ ಹಿಡಿದರೆ ಗೊತ್ತಿಲ್ಲದೇ ಸುಡುತ್ತದೆ. ಬೊಬ್ಬೆ ಒಡೆಯಬೇಡಿ. ಬೆರಳುಗಳ ನಡುವೆ ಒಣ ಗಾಜ್ ಇಟ್ಟು ಸಡಿಲವಾಗಿ ಸುತ್ತಿ. ಗಾಯ ಕಾಲಿಗಾಗಿದ್ದರೆ ಆ ಕಾಲೂರಿ ನಡೆಯಬೇಡಿ.

ಹೆಪ್ಪುಗಟ್ಟಿದ ರಕ್ತ ಕರಗಿಸುವ ಚಿಕಿತ್ಸೆ ಬೆರಳು ಬೆಚ್ಚಗಾದ 24 ಗಂಟೆಯೊಳಗೆ ಸಿಗಬೇಕು. ಬೆರಳು ಕಪ್ಪಾಯಿತೆಂದು ಕೂಡಲೇ ಕತ್ತರಿಸಲು ಒತ್ತಾಯಿಸಬೇಡಿ. ಸೋಂಕು ಹರಡದಿದ್ದರೆ ವೈದ್ಯರು ಒಂದರಿಂದ ಮೂರು ತಿಂಗಳು ಕಾಯುತ್ತಾರೆ, ಏಕೆಂದರೆ ಕಪ್ಪು ಸಿಪ್ಪೆಯಡಿ ಜೀವ ಎಷ್ಟು ಉಳಿದಿದೆಯೆಂದು ಮೊದಲೇ ತಿಳಿಯುವುದಿಲ್ಲ.